ಕಡಿಮೆ ದರ್ಜೆಯ ತಾಮ್ರದ ಅದಿರಿನಲ್ಲಿ ಖನಿಜಗಳನ್ನು ಗುರುತಿಸಿ ಅಳೆಯುವ ಬಗೆ

ಮಧ್ಯಪ್ರದೇಶದ ಬಾಲಾಘಾಟ್ ಜಿಲ್ಲೆಯ ಮಲಾಂಜ್‌ಖಂಡದಲ್ಲಿ ತಾಮ್ರವು ಮುಖ್ಯವಾಗಿ ಬೆಣಚುಕಲ್ಲಿನ ಒಡಲಲ್ಲಿ ಸಿಗುತ್ತದೆ. ನಮ್ಮ ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿ ಅದು ರೂಪಾಂತರಗೊಂಡ ಪ್ರಾಚೀನ ಲಾವಾಶಿಲೆಗಳ ನಡುವೆ, ಕಬ್ಬಿಣ-ಗಂಧಕದ ಖನಿಜಗಳಾದ ಪೈರೈಟ್ ಮತ್ತು ಪಿರ್ಹೊಟೈಟ್‌ಗಳ ಜೊತೆಯಲ್ಲಿ ಇದೆ. ಎರಡೂ ಕಡೆ ತಾಮ್ರದ ಮುಖ್ಯ ಖನಿಜ ತಾಮ್ರ, ಕಬ್ಬಿಣ, ಗಂಧಕಗಳು ಸೇರಿದ ಚಾಲ್ಕೋಪೈರೈಟ್. ಇಂಥ ಎರಡು ಬಗೆಯ ಅದಿರಿನ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕೊಟ್ಟಾಗ ಎರಡರಲ್ಲಿಯೂ ಶೇ. 0.8ರಷ್ಟು ತಾಮ್ರವಿದೆ ಎಂಬ ಒಂದೇ ಉತ್ತರ ಬಂದಿತೆಂದು ಭಾವಿಸೋಣ. ಆ ಉತ್ತರವನ್ನಷ್ಟೇ ನಂಬಿ ಎರಡಕ್ಕೂ ಒಂದೇ ರೀತಿಯ ಗಿರಣಿ ಮತ್ತು ಒಂದೇ ರೀತಿಯ ನೊರೆ-ತೇಲಿಕೆಯ (ಅರೆದ ಅದಿರನ್ನು ನೀರಿನಲ್ಲಿ ಕಲಕಿ, ಗಾಳಿಗುಳ್ಳೆಗಳಿಗೆ ಅಂಟುವ ತಾಮ್ರದ ಖನಿಜವನ್ನು ನೊರೆಯೊಡನೆ ಎತ್ತುವ) ವ್ಯವಸ್ಥೆಯನ್ನು ಕಟ್ಟಿದವರು ನಷ್ಟಕ್ಕೆ ಗುರಿಯಾಗುವುದು ಬಹುತೇಕ ಖಚಿತ. ಬೆಣಚುಕಲ್ಲು ಅರೆಯುವುದಕ್ಕೆ ಗಟ್ಟಿ, ಆದರೆ ತೇಲಿಕೆಯಲ್ಲಿ ಹೆಚ್ಚು ತೊಂದರೆ ಕೊಡುವುದಿಲ್ಲ. ಕ್ಲೋರೈಟ್ ಎಂಬ ಹಸಿರು ಖನಿಜ ತುಂಬಿದ ಮೆತ್ತನೆಯ ಶಿಲೆ ಸುಲಭವಾಗಿ ಅರೆಯುತ್ತದೆ, ಆದರೆ ಕೆಸರಾಗಿ ಕಾಡುತ್ತದೆ. ಪಿರ್ಹೊಟೈಟ್ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿಕೊಂಡು ತೇಲಿಕೆಯನ್ನು ಮಂದಗೊಳಿಸುತ್ತದೆ.

ತಾಮ್ರ ಎಷ್ಟಿದೆ ಎಂಬುದರ ಜೊತೆಗೆ ಇನ್ನೂ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು: ಅದು ಯಾವ ಯಾವ ಖನಿಜಗಳಲ್ಲಿ ಹಂಚಿಹೋಗಿದೆ, ಆ ಖನಿಜದ ಕಣಗಳು ಯಾವ ಗಾತ್ರದವು, ಮತ್ತು ಅವು ಯಾವ ಖನಿಜಕ್ಕೆ ಅಂಟಿಕೊಂಡಿವೆ. ದರ್ಜೆ ಕಡಿಮೆಯಾದಷ್ಟೂ ಈ ಪ್ರಶ್ನೆಗಳ ಬೆಲೆ ಹೆಚ್ಚುತ್ತದೆ, ಏಕೆಂದರೆ ಶೇ. 0.5ರ ಅದಿರಿನ ಒಂದು ಟನ್ನಿನಲ್ಲಿ ಇರುವುದು ಕೇವಲ 5 ಕಿಲೊ ತಾಮ್ರ. ಅದರಲ್ಲಿ ಒಂದು ಕಿಲೊ ಕೈತಪ್ಪಿದರೂ ಗಣಿಯ ಲಾಭದ ಲೆಕ್ಕ ಬದಲಾಗುತ್ತದೆ.

ಮಾದರಿ ತೆಗೆಯುವಾಗ

ಬಹುಪಾಲು ತಪ್ಪುಗಳು ಯಂತ್ರದ ಬಳಿಗೆ ಬರುವ ಮೊದಲೇ ನಡೆದುಹೋಗಿರುತ್ತವೆ. ತಾಮ್ರದ ನಿಕ್ಷೇಪವು ಮೇಲಿನಿಂದ ಕೆಳಕ್ಕೆ ಒಂದೇ ಸಮನಾಗಿರುವುದಿಲ್ಲ. ಮೇಲ್ಪದರದಲ್ಲಿ ಗಾಳಿ, ಮಳೆನೀರುಗಳ ಕ್ರಿಯೆಯಿಂದ ಮ್ಯಾಲಕೈಟ್, ಅಜುರೈಟ್, ಕ್ರಿಸೊಕೊಲ್ಲಾ, ಕ್ಯುಪ್ರೈಟ್‌ಗಳಂಥ ಆಕ್ಸೈಡ್ ವರ್ಗದ ಖನಿಜಗಳು ಉಂಟಾಗಿರುತ್ತವೆ. ಅದರ ಕೆಳಗೆ, ಇಳಿದುಬಂದ ತಾಮ್ರವು ಮತ್ತೆ ನೆಲೆಗೊಂಡ ಪದರದಲ್ಲಿ ಚಾಲ್ಕೊಸೈಟ್, ಕೊವೆಲ್ಲೈಟ್‌ಗಳು ಸಿಗುತ್ತವೆ. ಇನ್ನೂ ಆಳದಲ್ಲಿ ಮೂಲರೂಪದ ಚಾಲ್ಕೋಪೈರೈಟ್ ಮತ್ತು ಬೊರ್ನೈಟ್ ಇರುತ್ತವೆ. ಈ ಮೂರು ಪದರಗಳ ಕೊರೆಕಲ್ಲುಗಳನ್ನು ಒಟ್ಟಿಗೆ ಸೇರಿಸಿ ಒಂದು ಸರಾಸರಿ ಮಾದರಿ ಮಾಡುವುದು ಬಹಳ ಕಡೆ ರೂಢಿಯಲ್ಲಿದೆ. ಅದು ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಗಿರಣಿಗೆ ಯಾವ ದಿನವೂ ಆ ಸರಾಸರಿ ಅದಿರು ಬರುವುದಿಲ್ಲ. ಮೊದಲ ವರ್ಷಗಳಲ್ಲಿ ಮೇಲ್ಪದರದ್ದು, ನಂತರ ಕೆಳಪದರದ್ದು ಬರುತ್ತದೆ. ಪದರ ಪದರವಾಗಿ, ಶಿಲೆ ಶಿಲೆಯಾಗಿ ಪ್ರತ್ಯೇಕ ಮಾದರಿಗಳನ್ನು ತೆಗೆದು, ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಎಷ್ಟು ತೂಕದ ಮಾದರಿ ಬೇಕು ಎಂಬುದು ಕಣದ ಗಾತ್ರವನ್ನು ಅವಲಂಬಿಸಿದೆ. ಫ್ರಾನ್ಸಿನ ಪಿಯೆರ್ ಜೀ ರೂಪಿಸಿದ ಮಾದರಿ ಸಿದ್ಧಾಂತದ ಪ್ರಕಾರ, ಒಂದೇ ಮಟ್ಟದ ನಿಖರತೆಗೆ ಬೇಕಾಗುವ ತೂಕವು ಸ್ಥೂಲವಾಗಿ ಅತಿದೊಡ್ಡ ಕಣದ ಅಗಲದ ಘನಕ್ಕೆ ಅನುಗುಣವಾಗಿರುತ್ತದೆ. ಅಂದರೆ ಗಾತ್ರವನ್ನು ಅರ್ಧಕ್ಕೆ ಇಳಿಸಿದರೆ ಎಂಟನೆಯ ಒಂದು ಭಾಗದಷ್ಟು ತೂಕ ಸಾಕು. ಆದುದರಿಂದ ಮೊದಲು ಪುಡಿಮಾಡಿ ಆಮೇಲೆ ಪಾಲು ಮಾಡಬೇಕೇ ಹೊರತು, ದಪ್ಪ ಜಲ್ಲಿಯಲ್ಲಿಯೇ ಸಲಿಕೆಯಿಂದ ಒಂದು ಪಾಲನ್ನು ಎತ್ತಿಕೊಳ್ಳಬಾರದು. ಪಾಲು ಮಾಡಲು ರಿಫಲ್ (ಪುಡಿಯನ್ನು ಎರಡು ಬದಿಗೂ ಸಮನಾಗಿ ಸುರಿಸುವ ಕಾಲುವೆಗಳ ಪೆಟ್ಟಿಗೆ) ಅಥವಾ ತಿರುಗುವ ವಿಭಾಜಕವನ್ನು ಬಳಸಿ. ಅವು ಇಲ್ಲದ ಕಡೆ ರಾಶಿ ಹಾಕಿ ನಾಲ್ಕು ಭಾಗ ಮಾಡುವ ಹಳೆಯ ಕ್ರಮ ನಡೆಯುತ್ತದೆ, ಆದರೆ ರಾಶಿಯನ್ನು ಮೂರು ಬಾರಿಯಾದರೂ ಹೊಸದಾಗಿ ಕಟ್ಟಬೇಕು.

ಒಣಗಿಸುವಾಗ ಒಲೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟದಿರಲಿ. ಸಲ್ಫೈಡ್ ಖನಿಜಗಳು, ಎಂದರೆ ಲೋಹವು ಗಂಧಕದೊಡನೆ ಕೂಡಿದವು, ಅದರಲ್ಲಿಯೂ ಪಿರ್ಹೊಟೈಟ್, ತೇವದ ಗಾಳಿಯಲ್ಲಿ ಬೇಗ ಹಾಳಾಗುತ್ತವೆ. ಅರೆದ ಪುಡಿಯನ್ನು ತಿಂಗಳುಗಟ್ಟಲೆ ಕಪಾಟಿನಲ್ಲಿಟ್ಟು ನಂತರ ಪರೀಕ್ಷಿಸಿದರೆ, ಗಣಿಯಲ್ಲಿ ಇಲ್ಲದ ಆಕ್ಸೈಡ್ ತಾಮ್ರವು ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಕಣ್ಣು, ಚಾಕು ಮತ್ತು ಒಂದು ಹನಿ ಆಮ್ಲ

ದುಬಾರಿ ಯಂತ್ರಗಳಿಗೆ ಮುನ್ನ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರದಲ್ಲಿ ಕಲ್ಲನ್ನು ನೋಡಿ. ಹಿತ್ತಾಳೆಯ ಗಾಢ ಹಳದಿಯ ಚಾಲ್ಕೋಪೈರೈಟ್ ಚಾಕುವಿನಿಂದ ಗೀಚಿದರೆ ಗೀರಾಗುತ್ತದೆ. ಅದಕ್ಕಿಂತ ಬಿಳಿಚಿದ ಪೈರೈಟ್ ಗೀರಾಗುವುದಿಲ್ಲ. ಹಸಿರು ಕಲೆಯ ಮೇಲೆ ಸಾರಗುಂದಿದ ಹೈಡ್ರೊಕ್ಲೋರಿಕ್ ಆಮ್ಲದ ಹನಿಯನ್ನು ಬಿಟ್ಟಾಗ ನೊರೆಯುಕ್ಕಿದರೆ ಅದು ಮ್ಯಾಲಕೈಟ್ ಆಗಿರಬಹುದು, ಕ್ರಿಸೊಕೊಲ್ಲಾ ನೊರೆಯುವುದಿಲ್ಲ. ಆ ಹನಿ ಒದ್ದೆಯಿರುವಾಗಲೇ ಕಬ್ಬಿಣದ ಮೊಳೆಯಿಂದ ಉಜ್ಜಿದರೆ ಮೊಳೆಯ ಮೇಲೆ ಕೆಂಪು ತಾಮ್ರದ ತೆಳುಪದರ ಕೂರುತ್ತದೆ. ಈ ಸಣ್ಣ ಪರೀಕ್ಷೆಗಳು ಅಳತೆಯನ್ನು ಕೊಡುವುದಿಲ್ಲವಾದರೂ ಮುಂದೆ ಯಾವ ಪರೀಕ್ಷೆಗೆ ಹಣ ಹಾಕಬೇಕೆಂಬುದನ್ನು ಹೇಳುತ್ತವೆ.

ತಾಮ್ರವನ್ನು ಹಂತಹಂತವಾಗಿ ಕರಗಿಸುವುದು

ಕಡಿಮೆ ಖರ್ಚಿನಲ್ಲಿ ಅತಿಹೆಚ್ಚು ಮಾಹಿತಿ ಕೊಡುವ ಪರೀಕ್ಷೆ ಇದೇ. ಮೊದಲು ಒಟ್ಟು ತಾಮ್ರವನ್ನು ತಿಳಿಯಬೇಕು. ಪುಡಿಯನ್ನು ಪ್ರಬಲ ಆಮ್ಲಗಳಲ್ಲಿ, ಅಗತ್ಯವಿದ್ದರೆ ಹೈಡ್ರೊಫ್ಲೋರಿಕ್ ಆಮ್ಲವನ್ನೂ ಸೇರಿಸಿ, ಪೂರ್ತಿ ಕರಗಿಸಿ ಪರಮಾಣು ಹೀರಿಕೆಯ ಉಪಕರಣದಲ್ಲಿ 324.7 ನ್ಯಾನೊಮೀಟರಿನ ಬೆಳಕಿನಲ್ಲಿ ಅಥವಾ ಐಸಿಪಿ (ದ್ರಾವಣವನ್ನು ಬಿಸಿ ಪ್ಲಾಸ್ಮಾಕ್ಕೆ ಸಿಂಪಡಿಸಿ ಧಾತುಗಳನ್ನು ಅಳೆಯುವ) ಉಪಕರಣದಲ್ಲಿ ಅಳೆಯುತ್ತಾರೆ. ಅದೇ ಮಾದರಿಯ ಇನ್ನೊಂದು ಪಾಲನ್ನು ಮೂರು ಹಂತಗಳಲ್ಲಿ ಕರಗಿಸಬೇಕು.

ಮೊದಲನೆಯದು, ಕೊಠಡಿಯ ತಾಪದಲ್ಲಿ ಶೇ. 5ರ ಸಲ್ಫ್ಯೂರಿಕ್ ಆಮ್ಲದಲ್ಲಿ ಸುಮಾರು ಒಂದು ಗಂಟೆ ಕಲಕುವುದು. ಇದರಲ್ಲಿ ಮ್ಯಾಲಕೈಟ್, ಅಜುರೈಟ್, ಟೆನೊರೈಟ್‌ಗಳು ಕರಗುತ್ತವೆ, ಕ್ರಿಸೊಕೊಲ್ಲಾ ಬಹುಪಾಲು ಕರಗುತ್ತದೆ. ಕ್ಯುಪ್ರೈಟ್‌ನ ತಾಮ್ರದಲ್ಲಿ ಅರ್ಧದಷ್ಟು ಮಾತ್ರ ದ್ರಾವಣಕ್ಕೆ ಬಂದು ಉಳಿದರ್ಧ ಲೋಹದ ತಾಮ್ರವಾಗಿ ಹಿಂದುಳಿಯುತ್ತದೆಂಬುದನ್ನು ನೆನಪಿಡಬೇಕು. ಎರಡನೆಯದು, ಉಳಿದ ಗಷ್ಟನ್ನು ಸೋಡಿಯಂ ಸಯನೈಡಿನ ದ್ರಾವಣದಲ್ಲಿ ಕಲಕುವುದು. ಚಾಲ್ಕೊಸೈಟ್, ಕೊವೆಲ್ಲೈಟ್, ಬೊರ್ನೈಟ್‌ಗಳು ಇದರಲ್ಲಿ ಕರಗುತ್ತವೆ. ಚಾಲ್ಕೋಪೈರೈಟ್ ಅತಿ ಸ್ವಲ್ಪ ಮಾತ್ರ ಕರಗುತ್ತದೆ. ಮೂರನೆಯದು, ಕೊನೆಗೆ ಉಳಿದದ್ದನ್ನು ಪ್ರಬಲ ಆಮ್ಲಗಳಲ್ಲಿ ಪೂರ್ತಿ ಕರಗಿಸುವುದು. ಇಲ್ಲಿ ಬರುವ ತಾಮ್ರವನ್ನು ಸಾಮಾನ್ಯವಾಗಿ ಚಾಲ್ಕೋಪೈರೈಟಿನ ಖಾತೆಗೆ ಸೇರಿಸುತ್ತಾರೆ.

ಮೊದಲ ಮತ್ತು ಎರಡನೆಯ ಹಂತಗಳ ನಡುವೆ ಒಂದು ಅಪಾಯವಿದೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಗಷ್ಟಿನಲ್ಲಿ ಆಮ್ಲ ಉಳಿದಿರುವಾಗ ಸಯನೈಡ್ ಸುರಿದರೆ ಪ್ರಾಣ ತೆಗೆಯುವ ಹೈಡ್ರೊಜನ್ ಸಯನೈಡ್ ಅನಿಲ ಹೊರಬರುತ್ತದೆ. ಗಷ್ಟನ್ನು ನೀರಿನಿಂದ ಮತ್ತೆ ಮತ್ತೆ ತೊಳೆದು, ಕ್ಷಾರ ಸೇರಿಸಿ ಪಿಎಚ್ 11ಕ್ಕಿಂತ ಮೇಲಿದೆಯೆಂದು ಅಳೆದು ನೋಡಿದ ಮೇಲೆಯೇ, ಗಾಳಿ ಎಳೆಯುವ ಕಪಾಟಿನೊಳಗೆ, ಇನ್ನೊಬ್ಬರು ಜೊತೆಯಲ್ಲಿರುವಾಗ ಮಾತ್ರ ಈ ಹಂತಕ್ಕೆ ಕೈಹಾಕಬೇಕು. ತರಬೇತಿ ಇಲ್ಲದವರು ಇದನ್ನು ಪ್ರಯತ್ನಿಸಲೇಬಾರದು. ಸಯನೈಡ್ ಬಳಸಲು ಪರವಾನಗಿ ಮತ್ತು ಸೌಕರ್ಯ ಇಲ್ಲದ ಪ್ರಯೋಗಾಲಯಗಳು ಆಮ್ಲೀಯ ಫೆರಿಕ್ ಸಲ್ಫೇಟನ್ನು ಬಳಸುವುದುಂಟು. ಖನಿಜಗಳನ್ನು ಬೇರ್ಪಡಿಸುವಲ್ಲಿ ಅದು ಅಷ್ಟು ಚೊಕ್ಕವಲ್ಲದಿದ್ದರೂ, ಸುರಕ್ಷತೆಯ ದೃಷ್ಟಿಯಿಂದ ಒಪ್ಪಬಹುದಾದ ದಾರಿ.

ಮೂರನೆಯ ಹಂತದ ಅಂಕಿಯನ್ನು ಕಣ್ಣುಮುಚ್ಚಿ ನಂಬಬಾರದು. ಶಿಥಿಲಗೊಂಡ ಅದಿರಿನಲ್ಲಿ ತಾಮ್ರವು ಗೊಥೈಟ್‌ನಂಥ ಕಬ್ಬಿಣದ ತುಕ್ಕು ಖನಿಜಗಳಲ್ಲಿ, ಬಯೊಟೈಟ್ ಎಂಬ ಕಪ್ಪು ಅಭ್ರಕದಲ್ಲಿ, ಜೇಡಿಯಲ್ಲಿ ಅಡಗಿ ಕುಳಿತಿರುತ್ತದೆ. ಅದು ಮೊದಲೆರಡು ಹಂತಗಳಲ್ಲಿ ಪೂರ್ತಿ ಕರಗದೆ ಮೂರನೆಯದರಲ್ಲಿ ಹೊರಬಂದು ಚಾಲ್ಕೋಪೈರೈಟಿನ ವೇಷ ತೊಡುತ್ತದೆ. ಈ ತಾಮ್ರವನ್ನು ಯಾವ ನೊರೆಯೂ ಎತ್ತಲಾರದು. ಇದನ್ನು ಪತ್ತೆಹಚ್ಚಲು ಗಂಧಕದ ಲೆಕ್ಕವೇ ಸುಲಭದ ಉಪಾಯ. ಅದನ್ನು ಮುಂದೆ ನೋಡೋಣ.

ಎಕ್ಸ್-ರೇ ವಿವರ್ತನೆ ಮತ್ತು ಅದರ ಮಿತಿ

ಚಾಲ್ಕೋಪೈರೈಟಿನಲ್ಲಿ ತೂಕದ ಶೇ. 34.6ರಷ್ಟು ತಾಮ್ರವಿದೆ. ಹಾಗಾಗಿ ಶೇ. 0.5ರ ಅದಿರಿನಲ್ಲಿ ಇರುವ ಚಾಲ್ಕೋಪೈರೈಟ್ ಶೇ. 1.45 ಮಾತ್ರ. ಹರಳಿನ ರಚನೆಯಿಂದ ಖನಿಜವನ್ನು ಗುರುತಿಸುವ ಎಕ್ಸ್-ರೇ ವಿವರ್ತನೆಯ ಉಪಕರಣಕ್ಕೆ ಸಾಮಾನ್ಯವಾಗಿ ಶೇ. 1ರಿಂದ 2ಕ್ಕಿಂತ ಕಡಿಮೆಯಿರುವ ಖನಿಜ ಸರಿಯಾಗಿ ಕಾಣುವುದಿಲ್ಲ. ಆದುದರಿಂದ ಅದರ ನಕ್ಷೆಯಲ್ಲಿ ತಾಮ್ರದ ಖನಿಜ ಕಾಣಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಇಂಥ ಅದಿರಿನಲ್ಲಿ ಆ ಉಪಕರಣದ ನಿಜವಾದ ಉಪಯೋಗ ಇರುವುದು ತಾಮ್ರವಿಲ್ಲದ ಶೇ. 98 ಭಾಗವನ್ನು ತಿಳಿಯುವುದಕ್ಕೆ: ಬೆಣಚು, ಫೆಲ್ಡ್‌ಸ್ಪಾರ್, ಕ್ಲೋರೈಟ್, ಅಭ್ರಕ, ಕ್ಯಾಲ್ಸೈಟ್, ಜೇಡಿ ಎಷ್ಟೆಷ್ಟಿವೆ ಎಂಬುದನ್ನು ರೀಟ್‌ವೆಲ್ಡ್ ಎಂಬ, ನಕ್ಷೆಯ ಶಿಖರಗಳನ್ನು ಹೊಂದಿಸಿ ನೋಡುವ ಲೆಕ್ಕದ ಮೂಲಕ ಪಡೆಯಬಹುದು. ಪುಡಿಯನ್ನು ಒದ್ದೆಯಾಗಿ ಅರೆದು 10 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ನಯಗೊಳಿಸಬೇಕು. ಒಣ ಗಿರಣಿಯಲ್ಲಿ ಅತಿಯಾಗಿ ಬಡಿದರೆ ಹರಳುಗಳ ರಚನೆಯೇ ಕೆಡುತ್ತದೆ. ಕಬ್ಬಿಣ ಹೆಚ್ಚಿರುವ ಶಿಲೆಗೆ ತಾಮ್ರದ ಎಕ್ಸ್-ರೇ ಕೊಳವೆಗಿಂತ ಕೋಬಾಲ್ಟಿನದು ಮೇಲು. ಉಬ್ಬುವ ಜೇಡಿಯಿದೆಯೆಂಬ ಅನುಮಾನವಿದ್ದರೆ ಗ್ಲೈಕಾಲ್ ಆವಿಯಲ್ಲಿಟ್ಟು ಮತ್ತೊಮ್ಮೆ ನೋಡಬೇಕು. ಸ್ಮೆಕ್ಟೈಟ್ ಎಂಬ ಉಬ್ಬುವ ಜೇಡಿ ಇದ್ದರೆ 14 ಆಂಗ್‌ಸ್ಟ್ರಮ್‌ನ ಬಳಿಯ ಶಿಖರ 17ರ ಬಳಿಗೆ ಸರಿಯುತ್ತದೆ.

ತಾಮ್ರದ ಖನಿಜಗಳನ್ನೇ ನೋಡಬೇಕಾದರೆ ಮೊದಲು ಅವುಗಳನ್ನು ಒಟ್ಟುಗೂಡಿಸಬೇಕು. ಸೋಡಿಯಂ ಪಾಲಿಟಂಗ್‌ಸ್ಟೇಟಿನ ದ್ರಾವಣವನ್ನು 2.9ರ ಸಾಂದ್ರತೆಗೆ ಸರಿಹೊಂದಿಸಿದರೆ 2.65ರ ಬೆಣಚು ತೇಲುತ್ತದೆ, 4.2ರ ಚಾಲ್ಕೋಪೈರೈಟ್ ಮತ್ತು 5ರ ಪೈರೈಟ್ ಮುಳುಗುತ್ತವೆ. ಹಗುರವಾದ ಕ್ರಿಸೊಕೊಲ್ಲಾ ಮತ್ತು ಬೆಣಚಿನೊಳಗೆ ಸಿಕ್ಕಿಕೊಂಡ ಸಣ್ಣ ಸಲ್ಫೈಡ್ ಕಣಗಳು ತೇಲಿದ ಭಾಗದಲ್ಲಿಯೇ ಉಳಿಯುತ್ತವೆ. ಆದ್ದರಿಂದ ತೇಲಿದ್ದನ್ನು ಚೆಲ್ಲದೆ ಅದರ ತಾಮ್ರವನ್ನೂ ಅಳೆಯಬೇಕು. ಹಳೆಯ ಕೈಪಿಡಿಗಳಲ್ಲಿ ಹೇಳಿರುವ ಬ್ರೊಮೊಫಾರ್ಮ್ ವಿಷಕಾರಿ. ಇಂದು ಅದನ್ನು ಬಳಸಬೇಕಾದ ಅಗತ್ಯವಿಲ್ಲ.

ಸೂಕ್ಷ್ಮದರ್ಶಕದ ಕೆಲಸ

ಇಷ್ಟೆಲ್ಲ ಪರೀಕ್ಷೆಗಳಲ್ಲಿ ನಾನು ಅತಿಹೆಚ್ಚು ಬೆಲೆ ಕೊಡುವುದು ಪ್ರತಿಫಲಿತ ಬೆಳಕಿನ ಸೂಕ್ಷ್ಮದರ್ಶಕಕ್ಕೆ. ಗಿರಣಿಯಲ್ಲಿ ಅರೆಯುವಷ್ಟೇ ನಯಕ್ಕೆ ಅದಿರನ್ನು ಅರೆದು, 150, 106, 75, 53, 38 ಮೈಕ್ರಾನಿನ ಜರಡಿಗಳಲ್ಲಿ ಒದ್ದೆಯಾಗಿ ಶೋಧಿಸಿ, ಪ್ರತಿ ಪಾಲಿನ ಕಣಗಳನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿ, ವಜ್ರದ ಪುಡಿಯಿಂದ 1 ಮೈಕ್ರಾನಿನವರೆಗೆ ಹೊಳಪು ಕೊಡಬೇಕು. ಅಂಟು ಗಟ್ಟಿಯಾಗುವ ಮೊದಲು ಭಾರದ ಸಲ್ಫೈಡ್ ಕಣಗಳು ತಳಕ್ಕೆ ಇಳಿಯುತ್ತವೆ. ಹಾಗಾದಾಗ ತಳದ ಮುಖವನ್ನು ನೋಡಿದವರಿಗೆ ತಾಮ್ರ ಹೆಚ್ಚಾಗಿಯೂ ಮೇಲಿನ ಮುಖವನ್ನು ನೋಡಿದವರಿಗೆ ಕಡಿಮೆಯಾಗಿಯೂ ತೋರುತ್ತದೆ. ಗಟ್ಟಿಯಾದ ಅಂಟಿನ ಅಚ್ಚನ್ನು ಲಂಬವಾಗಿ ಕೊಯ್ದು ಆ ಕೊಯ್ತದ ಮುಖವನ್ನು ನೋಡುವುದು ಇದಕ್ಕೆ ಪರಿಹಾರ.

ಚಾಲ್ಕೋಪೈರೈಟ್ ಹಿತ್ತಾಳೆ ಹಳದಿಯಾಗಿ ಕಾಣುತ್ತದೆ. ಪೈರೈಟ್ ಕೆನೆಬಿಳುಪಿನಿಂದ ಕೂಡಿ, ಗಟ್ಟಿಯಾದುದರಿಂದ ಸುತ್ತಲಿನದಕ್ಕಿಂತ ತುಸು ಎದ್ದು ನಿಲ್ಲುತ್ತದೆ. ಬೊರ್ನೈಟ್ ಗುಲಾಬಿ ಕಂದು; ಗಾಳಿ ತಾಗಿ ಕೆಲವು ದಿನಗಳಾದರೆ ನೇರಳೆಗೆ ತಿರುಗುತ್ತದೆ. ಚಾಲ್ಕೊಸೈಟ್ ನೀಲಿ ಬೆರೆತ ಬಿಳಿಬೂದು. ಕೊವೆಲ್ಲೈಟನ್ನು ಒಮ್ಮೆ ನೋಡಿದವರು ಮರೆಯಲಾರರು: ವೇದಿಕೆಯನ್ನು ತಿರುಗಿಸಿದಂತೆ ಅದರ ಕಡುನೀಲಿ ಬದಲಾಗುತ್ತದೆ, ಬೆಳಕನ್ನು ಸೋಸುವ ಅಡ್ಡ ಧ್ರುವಕಗಳ ನಡುವೆ ಕೆಂಡದ ಬಣ್ಣ ಹೊಮ್ಮುತ್ತದೆ.

ಇಲ್ಲಿ ಮುಖ್ಯವಾಗಿ ಹುಡುಕಬೇಕಾದದ್ದು ಖನಿಜಗಳು ಒಂದಕ್ಕೊಂದು ಅಂಟಿಕೊಂಡಿರುವ ಬಗೆಯನ್ನು. ಎರಡನೆಯ ಪದರದ ಅದಿರಿನಲ್ಲಿ ಪೈರೈಟಿನ ಕಣದ ಸುತ್ತ ಒಂದೆರಡು ಮೈಕ್ರಾನು ದಪ್ಪದ ಚಾಲ್ಕೊಸೈಟ್ ಕವಚ ಇರುವುದುಂಟು. ರಾಸಾಯನಿಕ ಪರೀಕ್ಷೆ ಇದನ್ನು ಚಾಲ್ಕೊಸೈಟ್ ಎಂದಷ್ಟೇ ಹೇಳುತ್ತದೆ. ಆದರೆ ತೇಲಿಕೆಯ ತೊಟ್ಟಿಯಲ್ಲಿ ಆ ಇಡೀ ಪೈರೈಟ್ ಕಣವು ತಾಮ್ರದ ಖನಿಜದಂತೆ ವರ್ತಿಸಿ ನೊರೆಯೊಡನೆ ಮೇಲೇರುತ್ತದೆ, ಪೈರೈಟನ್ನು ತಡೆಯುವ ಸುಣ್ಣ ಎಷ್ಟು ಸುರಿದರೂ ಸುಲಭವಾಗಿ ಕೆಳಗಿಳಿಯುವುದಿಲ್ಲ, ಸಾಂದ್ರಿತದ (ನೊರೆಯಿಂದ ಒಟ್ಟುಗೂಡಿಸಿದ ತಾಮ್ರಭರಿತ ಪುಡಿಯ) ದರ್ಜೆ ಕುಸಿಯುತ್ತದೆ. ಕಾರಣ ತಿಳಿಯದ ಮೇಲ್ವಿಚಾರಕರು ರಾಸಾಯನಿಕಗಳನ್ನು ಬದಲಿಸುತ್ತಲೇ ಇರುತ್ತಾರೆ. ಹೊಳಪಿನ ಅಚ್ಚನ್ನು ಅರ್ಧ ಗಂಟೆ ನೋಡಿದ್ದರೆ ಆ ಕಾರಣ ಮೊದಲೇ ತಿಳಿಯುತ್ತಿತ್ತು.

ಪ್ರತಿ ಗಾತ್ರದ ಪಾಲಿನಲ್ಲಿಯೂ ತಾಮ್ರದ ಖನಿಜದ ಕಣಗಳನ್ನು ಬಿಡಿ (ಬೇರೆಯದಕ್ಕೆ ಅಂಟದ್ದು), ಅರೆಬಿಡಿ (ಒಂದು ಭಾಗ ಅಂಟಿದ್ದು), ಬಂಧಿ (ಬೇರೆ ಖನಿಜದೊಳಗೆ ಸಿಕ್ಕಿಕೊಂಡದ್ದು) ಎಂದು ವಿಂಗಡಿಸಿ ಎಣಿಸಬೇಕು. ಎಣಿಕೆಯಲ್ಲಿ ಅಂಕಿಸಂಖ್ಯೆಯ ಶಿಸ್ತು ಬೇಕು. ಶೇ. 1.4 ತೂಕದ ಚಾಲ್ಕೋಪೈರೈಟ್ ಎಂದರೆ ಘನಗಾತ್ರದಲ್ಲಿ ಸುಮಾರು ಶೇ. 0.93, ಸಾವಿರ ಬಿಂದುಗಳನ್ನು ಎಣಿಸಿದರೆ ಅದು ಸಿಗುವುದು ಒಂಬತ್ತು ಬಾರಿ, ಅದರಲ್ಲಿಯೂ ಮೂರರಷ್ಟು ಹೆಚ್ಚುಕಡಿಮೆ ಸಹಜ. ಹತ್ತನೆಯ ಒಂದು ಭಾಗದ ನಿಖರತೆ ಬೇಕಾದರೆ ನೂರು ಬಾರಿ ಸಿಗಬೇಕು, ಅಂದರೆ ಹತ್ತು ಸಾವಿರಕ್ಕೂ ಮೀರಿದ ಬಿಂದುಗಳು. ಆದ್ದರಿಂದ ಒಟ್ಟು ಪ್ರಮಾಣವನ್ನು ರಾಸಾಯನಿಕ ಪರೀಕ್ಷೆಯಿಂದ ಪಡೆದು, ಕಣಗಳ ಅಂಟಿಕೆ ಮತ್ತು ಗಾತ್ರಗಳನ್ನು ಸೂಕ್ಷ್ಮದರ್ಶಕದಿಂದ ಪಡೆಯುವುದು ಜಾಣತನ. ಇನ್ನೊಂದು ಮಾತು: ಅಚ್ಚಿನಲ್ಲಿ ನಾವು ನೋಡುವುದು ಕಣದ ಒಂದು ಕೊಯ್ತವನ್ನು ಮಾತ್ರ. ಅಂಟಿದ ಕಣವೂ ಕೊಯ್ತದಲ್ಲಿ ಬಿಡಿಯಾಗಿ ಕಾಣಬಹುದು. ಹಾಗಾಗಿ ಬಿಡಿ ಕಣಗಳ ಪ್ರಮಾಣ ಯಾವಾಗಲೂ ನಿಜಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ತೋರುತ್ತದೆ.

ಆಸ್ಟ್ರೇಲಿಯಾದಲ್ಲಿ ಬೆಳೆದ ಕ್ಯೂಎಮ್‌ಸ್ಕ್ಯಾನ್, ಎಮ್ಎಲ್‌ಎ ಎಂಬ ಸ್ವಯಂಚಾಲಿತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ವ್ಯವಸ್ಥೆಗಳು ಈ ಎಣಿಕೆಯನ್ನು ಸಾವಿರಾರು ಕಣಗಳ ಮೇಲೆ ತಾವೇ ಮಾಡುತ್ತವೆ. ಸೌಲಭ್ಯವಿದ್ದರೆ ಬಳಸಬೇಕು. ಆದರೆ ಗಂಧಕ ಮತ್ತು ಮಾಲಿಬ್ಡಿನಂಗಳ ಎಕ್ಸ್-ರೇ ರೇಖೆಗಳು ಒಂದರ ಮೇಲೊಂದು ಬೀಳುವುದರಿಂದ, ಮಾಲಿಬ್ಡಿನಂ ಇರುವ ಮಲಾಂಜ್‌ಖಂಡದಂಥ ಅದಿರುಗಳಲ್ಲಿ ಯಂತ್ರದ ಹೆಸರಿಸುವಿಕೆಯನ್ನು ಕಣ್ಣಾರೆ ತಾಳೆನೋಡುವುದು ಒಳ್ಳೆಯದು. ಸ್ವಂತ ಉಪಕರಣಗಳಿಲ್ಲದವರು ಭಾರತೀಯ ಗಣಿ ಬ್ಯೂರೊದ ಖನಿಜ ಸಂಸ್ಕರಣಾ ಪ್ರಯೋಗಾಲಯಗಳು ನಾಗಪುರ, ಅಜ್ಮೀರ್ ಮತ್ತು ಬೆಂಗಳೂರುಗಳಲ್ಲಿ ಇರುವುದನ್ನು ಗಮನಿಸಬಹುದು.

ಲೆಕ್ಕವನ್ನು ಹೊಂದಿಸುವುದು

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಟ್ಟು ತಾಮ್ರ ಶೇ. 0.62, ಆಮ್ಲದಲ್ಲಿ ಕರಗಿದ್ದು 0.08, ಸಯನೈಡಿನಲ್ಲಿ 0.06, ಉಳಿದದ್ದು 0.48. ಸಲ್ಫೈಡ್ ರೂಪದ ಗಂಧಕ ಶೇ. 1.90. ಉಳಿದ ತಾಮ್ರವೆಲ್ಲ ಚಾಲ್ಕೋಪೈರೈಟಿನದೆಂದು ಹಿಡಿದರೆ 0.48ನ್ನು 0.346ರಿಂದ ಭಾಗಿಸಿ ಶೇ. 1.39 ಚಾಲ್ಕೋಪೈರೈಟ್ ಎಂದಾಗುತ್ತದೆ. ಅದು ಹಿಡಿದುಕೊಳ್ಳುವ ಗಂಧಕ 0.49. ಚಾಲ್ಕೊಸೈಟಿನಲ್ಲಿ ಶೇ. 79.8 ತಾಮ್ರವಿರುವುದರಿಂದ 0.06ಕ್ಕೆ ಶೇ. 0.075 ಚಾಲ್ಕೊಸೈಟ್, ಅದರ ಗಂಧಕ 0.015ರಷ್ಟು. ಮಿಕ್ಕ ಗಂಧಕ ಸುಮಾರು 1.40, ಪೈರೈಟಿನಲ್ಲಿ ಗಂಧಕ ಶೇ. 53.4 ಇರುವುದರಿಂದ ಪೈರೈಟ್ ಶೇ. 2.6ರಷ್ಟಿರಬೇಕು.

ಸೂಕ್ಷ್ಮದರ್ಶಕದ ಎಣಿಕೆಯನ್ನು ತೂಕಕ್ಕೆ ಪರಿವರ್ತಿಸಿದಾಗಲೂ ಪೈರೈಟ್ ಚಾಲ್ಕೋಪೈರೈಟಿನ ಸುಮಾರು ಎರಡರಷ್ಟಿದ್ದರೆ ಲೆಕ್ಕ ತಾಳೆಯಾಯಿತು. ಪೈರೈಟ್ ಅದಕ್ಕಿಂತ ಬಹಳ ಕಡಿಮೆ ಕಂಡು ಪಿರ್ಹೊಟೈಟ್ ಕಂಡರೆ ಗಂಧಕವನ್ನು ಎರಡಕ್ಕೂ ಹಂಚಬೇಕು. ಇನ್ನು ಸಲ್ಫೈಡ್ ಗಂಧಕವು 1.90ರ ಬದಲು 0.30 ಮಾತ್ರ ಬಂದಿದ್ದರೆ? ಚಾಲ್ಕೋಪೈರೈಟಿಗೇ 0.49 ಬೇಕಿರುವಾಗ ಅಷ್ಟು ಗಂಧಕವೇ ಇಲ್ಲವೆಂದ ಮೇಲೆ, ಮೂರನೆಯ ಹಂತದ ತಾಮ್ರದಲ್ಲಿ ಒಂದು ಪಾಲು ಚಾಲ್ಕೋಪೈರೈಟಿನದಲ್ಲ, ತುಕ್ಕು ಖನಿಜದಲ್ಲೋ ಅಭ್ರಕದಲ್ಲೋ ಅಡಗಿದ್ದು ಎಂಬುದು ಹೊರಬೀಳುತ್ತದೆ. ಜಿಪ್ಸಮ್, ಬೆರೈಟ್‌ಗಳ ಗಂಧಕ ಈ ಲೆಕ್ಕದಲ್ಲಿ ಸೇರದಂತೆ ಸಲ್ಫೇಟ್ ಗಂಧಕವನ್ನು ಮೊದಲೇ ಪ್ರತ್ಯೇಕಿಸಿರಬೇಕು.

ಗಿರಣಿಗೆ ಇದರ ಅರ್ಥ

ಮೇಲಿನ ಉದಾಹರಣೆಯಲ್ಲಿ ಆಮ್ಲದಲ್ಲಿ ಕರಗುವ ತಾಮ್ರ ಒಟ್ಟಿನ ಶೇ. 13ರಷ್ಟು. ಸೋಡಿಯಂ ಹೈಡ್ರೊಸಲ್ಫೈಡಿನಂಥ ರಾಸಾಯನಿಕದಿಂದ ಆಕ್ಸೈಡ್ ಕಣಗಳ ಮೈಗೆ ಸಲ್ಫೈಡಿನ ಲೇಪ ಕೊಡದಿದ್ದರೆ ಸಾಮಾನ್ಯ ಕ್ಸ್ಯಾಂಥೇಟ್ (ಸಲ್ಫೈಡ್ ಕಣಗಳನ್ನು ಗುಳ್ಳೆಗಳಿಗೆ ಅಂಟಿಸುವ ರಾಸಾಯನಿಕ) ತೇಲಿಕೆಯಲ್ಲಿ ಅದು ಬಹುಪಾಲು ಕಳೆದುಹೋಗುತ್ತದೆ. ಅಂದರೆ ಉಳಿದೆಲ್ಲವೂ ಸರಿಯಾಗಿ ನಡೆದರೂ ಶೇ. 87ಕ್ಕಿಂತ ಹೆಚ್ಚಿನ ತಾಮ್ರದ ಗಳಿಕೆಯನ್ನು ನಿರೀಕ್ಷಿಸುವಂತಿಲ್ಲ. ಪೈರೈಟನ್ನು ಕೆಳಗೆ ಹಿಡಿಯಲು ಸುಣ್ಣದಿಂದ ಪಿಎಚ್ ಅನ್ನು 10.5ರಿಂದ 11.5ರವರೆಗೆ ಏರಿಸಬೇಕಾದೀತು. ಟಾಲ್ಕ್ ಇದ್ದರೆ ಅದು ಯಾವ ರಾಸಾಯನಿಕವೂ ಇಲ್ಲದೆ ತಾನೇ ತೇಲಿ ನೊರೆಯನ್ನು ಕೆಡಿಸುತ್ತದೆ. ಆರ್ಸೆನಿಕ್ ಇರುವ ಎನಾರ್ಗೈಟ್ ಅಥವಾ ಟೆನಂಟೈಟ್ ಕಂಡುಬಂದರೆ ಆ ವಿಷಯವನ್ನು ವರದಿಯ ಮೊದಲ ಪುಟದಲ್ಲಿಯೇ ಬರೆಯಿರಿ. ಅವು ತಾಮ್ರದೊಡನೆಯೇ ತೇಲುತ್ತವೆ, ಕುಲುಮೆಯವರು ಅದಕ್ಕೆ ದಂಡ ಹಾಕುತ್ತಾರೆ, ಇಲ್ಲವೇ ಸಾಂದ್ರಿತವನ್ನೇ ನಿರಾಕರಿಸುತ್ತಾರೆ.

ಅರೆಯುವ ನಯವನ್ನು ಬಂಧಿ ಕಣಗಳ ಪಟ್ಟಿಯಿಂದ ನಿರ್ಧರಿಸಬೇಕು. ಮೊದಲ ತೇಲಿಕೆಗೆ ಕಣ ಪೂರ್ತಿ ಬಿಡಿಯಾಗಿರಬೇಕಿಲ್ಲ. ತಾಮ್ರದ ಖನಿಜ ಕಣದ ಮೇಲ್ಮೈಯಲ್ಲಿ ಸ್ವಲ್ಪ ಭಾಗ ಹೊರಗೆ ಕಂಡರೂ ಸಾಕು. ಹಾಗಾಗಿ ದಪ್ಪವಾಗಿ ಅರೆದು, ಮೊದಲ ನೊರೆಯನ್ನು ಮಾತ್ರ ಮತ್ತೆ ನಯವಾಗಿ ಅರೆಯುವುದು ಕಡಿಮೆ ದರ್ಜೆಯ ಅದಿರಿಗೆ ಒಪ್ಪುವ ಕ್ರಮ. ಇಡೀ ಅದಿರನ್ನು ನುಣ್ಣಗೆ ಅರೆಯುವ ವಿದ್ಯುತ್ ವೆಚ್ಚವನ್ನು ಇಂಥ ಅದಿರು ತಾಳಲಾರದು.

ಆಕ್ಸೈಡ್ ತಾಮ್ರವೇ ಹೆಚ್ಚಾಗಿದ್ದು ರಾಶಿಗೆ ಆಮ್ಲ ಸುರಿದು ತಾಮ್ರವನ್ನು ತೆಗೆಯುವ ಆಲೋಚನೆ ಇದ್ದರೆ, ಮೊದಲು ಕ್ಯಾಲ್ಸೈಟಿನ ಅಂಕಿಯನ್ನು ನೋಡಿ. ಒಂದು ಟನ್ ಅದಿರಿನಲ್ಲಿ ಶೇ. 1 ಕ್ಯಾಲ್ಸೈಟ್ ಇದ್ದರೆ ಅದೊಂದೇ ಸುಮಾರು 10 ಕಿಲೊ ಸಲ್ಫ್ಯೂರಿಕ್ ಆಮ್ಲವನ್ನು ನುಂಗುತ್ತದೆ, ಶೇ. 0.5ರ ಅದಿರಾದರೆ ಅದು ಅಲ್ಲಿರುವ ತಾಮ್ರದ ತೂಕದ ಎರಡರಷ್ಟು. ಉಬ್ಬುವ ಜೇಡಿಯಿದ್ದರೆ ದ್ರಾವಣವು ರಾಶಿಯೊಳಗೆ ಇಳಿಯದೆ ಮೇಲೆಯೇ ನಿಲ್ಲುತ್ತದೆ.

ತೇಲಿಕೆಯ ಪ್ರಯೋಗ ನಡೆಸಿದ ಮೇಲೆ ಹೊರಹೋದ ಟೇಲಿಂಗ್ಸನ್ನೂ (ತೇಲದೆ ಉಳಿದ ಪುಡಿಯನ್ನೂ) ಇದೇ ಕ್ರಮದಲ್ಲಿ ಜರಡಿ ಹಿಡಿದು, ಅಳೆದು, ಅಚ್ಚು ಮಾಡಿ ನೋಡಬೇಕು. ನಷ್ಟವು ದಪ್ಪ ಪಾಲಿನ ಬಂಧಿ ಕಣಗಳಲ್ಲಿದ್ದರೆ ಅರೆತ ಸಾಲದು. 10 ಮೈಕ್ರಾನಿಗಿಂತ ಸಣ್ಣ ಬಿಡಿ ಕಣಗಳಲ್ಲಿದ್ದರೆ ಅರೆತ ಅತಿಯಾಗಿದೆ ಅಥವಾ ಕೆಸರು ಅಡ್ಡಬಂದಿದೆ. ಮಧ್ಯಮ ಗಾತ್ರದ ಬಿಡಿ ಚಾಲ್ಕೋಪೈರೈಟೇ ಹೊರಹೋಗಿದ್ದರೆ ರಾಸಾಯನಿಕಗಳ ಪ್ರಮಾಣವನ್ನೂ ತೇಲಿಕೆಯ ಅವಧಿಯನ್ನೂ ಪರಿಶೀಲಿಸಬೇಕು. ನಷ್ಟದ ತಾಮ್ರವು ಆಮ್ಲದಲ್ಲಿ ಕರಗುವಂಥದ್ದಾಗಿದ್ದರೆ, ಆ ಅದಿರು ಯಾವ ಪದರದಿಂದ ಬಂದದ್ದೆಂದು ಗಣಿಯ ಭೂವಿಜ್ಞಾನಿಯನ್ನು ಕೇಳಿ, ಮಾದರಿಯ ಹಂತಕ್ಕೇ ಮರಳಬೇಕು.